ರೊಟ್ಟಿ ಹೊತ್ತಿಸುವ ಕಾದಂಬರಿಗಾರ್ತಿ

ಮನೆಯಲ್ಲಿ ರೊಟ್ಟಿ ಹೊತ್ತಿದರೆ ಸುನಂದಕ್ಕನಿಗೆ ಎಲ್ಲಿಲ್ಲದ ಖುಷಿ. ಕೊಲ್ಲಿ ದೇಶದ ಮಂಗಾಫ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನವರು. ಗಂಡ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್. ಸುನಂದಕ್ಕ ಬೇರೆ ಹೆಸರಿನಲ್ಲಿ ಇಂಗ್ಲಿಷ್ ಸಸ್ಪೆನ್ಸ್ ಕಾದಂಬರಿ ಬರೆಯುತ್ತಿದ್ದರು. ಏರ್‌ಪೋರ್ಟಿನ ಅಂಗಡಿಗಳಲ್ಲೂ ಅವು ಸಿಗುತ್ತಿದ್ದವು. ನಾನು ಉಡುಪಿಯವಳು, ಪಕ್ಕದ ಮನೆಯ ಸುದ್ದಿ ಎಂದರೆ ಕಿವಿ ನೆಟ್ಟಗಾಗುವ ಜಾತಿ. ಇರುವೆಯನ್ನೂ ದಾಟಿ ನಡೆಯುವ ಈ ಹೆಂಗಸಿಗೆ ಇಷ್ಟೊಂದು ಕೊಲೆಗಳು ಎಲ್ಲಿಂದ ಹೊಳೆಯುತ್ತವೆ ಎಂದು ತಲೆ ಕೆಡಿಸಿಕೊಂಡಿದ್ದೆ.

ಬರೆಯುವ ಮೊದಲು ಕಥೆಯನ್ನು ಹೇಳಿ ನೋಡುವುದು ಅವರ ಪದ್ಧತಿ. ಶುಕ್ರವಾರ ರಜೆಯ ದಿನ ಅವರ ಅತ್ತೆ ಗಿರಿಜವ್ವ ರೊಟ್ಟಿ ಬಡಿಯುತ್ತಿದ್ದರೆ, ಸುನಂದಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ಗದಗಿನ ಕನ್ನಡದಲ್ಲಿ ಕಥೆ ಶುರುಮಾಡುವರು. ಕೇಳುತ್ತ ಮೈಮರೆತು ಅತ್ತೆ ಹಂಚಿನ ಮೇಲಿನ ರೊಟ್ಟಿ ಹೊತ್ತಿಸಿದರೆ ಕಥೆ ಪಾಸು. ಗಿರಿಜವ್ವ ಸುಲಭಕ್ಕೆ ಸೋಲುವವರಲ್ಲ, ಅರ್ಧ ಕಥೆಗೇ ಕೊಲೆಗಾರನನ್ನು ಹಿಡಿಯುವರು. "ಆ ಡಾಕ್ಟರಂದ ಕೆಲಸ ತಗೋ ಇದು. ಮುಂದ ಹೇಳಬ್ಯಾಡ," ಎಂದು ರೊಟ್ಟಿ ಮಗುಚಿ ಹಾಕುತ್ತಿದ್ದರು. ಸುನಂದಕ್ಕ ಮುಖ ಸಣ್ಣದು ಮಾಡಿಕೊಂಡು "ಖಲಾಸ್" ಎನ್ನುತ್ತಿದ್ದರು.

ಅವರ ಎಲ್ಲ ಪುಸ್ತಕಗಳಲ್ಲೂ ಒಬ್ಬ ಗಂಡಸು ಕಾಣೆಯಾಗಿ ಕೊನೆಗೆ ಮನೆಗೆ ಮರಳುತ್ತಾನೆ. "ಎಂತಕ್ಕೆ ಸುನಂದಕ್ಕ, ಯಾವಾಗಲೂ ಹೀಗೆಯೇ?" ಎಂದು ಒಂದು ಶುಕ್ರವಾರ ಕೇಳಿಯೇಬಿಟ್ಟೆ. ಅವರು ಹೊಸ ಕಥೆ ತೆಗೆದರು. ಗದಗಿನ ಒಬ್ಬ ಲಾರಿ ಡ್ರೈವರ್ ಕಟಿಂಗ್ ಮಾಡಿಸಿಕೊಂಡು ಬರುತ್ತೇನೆಂದು ಹೊರಡುತ್ತಾನೆ. ಬಂದ ಕೂಡಲೇ ಸ್ನಾನವಾಗಬೇಕಲ್ಲ, ಹೆಂಡತಿ ಹಂಡೆಗೆ ನೀರು ತುಂಬಿ ಉರಿ ಹಾಕುತ್ತಾಳೆ. ಪುಟ್ಟ ಮಗಳು ಕೂತು ಕಟ್ಟಿಗೆ ಒಟ್ಟುತ್ತಾಳೆ. ನೀರು ಕುದಿಯುತ್ತದೆ. ವಿಚಾರಿಸಿದರೆ ಕ್ಷೌರದಂಗಡಿಯವನು ಅವನನ್ನು ಕಂಡೇ ಇಲ್ಲ.

"ಮತ್ತೆ?" ಎಂದೆ.

"ಮುಂದಿಂದು ನನಗೂ ಗೊತ್ತಿಲ್ಲ ತಂಗಿ. ನಮ್ಮಪ್ಪ ಇವತ್ತಿಗೂ ಬಂದಿಲ್ಲ."

ಹಂಚಿನಿಂದ ಹೊಗೆ ಏಳುತ್ತಿತ್ತು. ಗಿರಿಜವ್ವ ಗ್ಯಾಸ್ ಆರಿಸಿ, "ಬಂದಾ ಅಂತ ಬರದಬಿಡವಾ. ನಿಮ್ಮವ್ವ ದಾರಿ ಕಾಯಾಕತ್ತಾಳ," ಎಂದರು.

"ಫೋನಿನ್ಯಾಗ ಎಲ್ಲಾ ಪುಸ್ತಕದ ಕತಿ ಅಕಿಗೆ ಹೇಳತೀನ್ರಿ. ಅಕಿ ಸಲುವಾಗಿನ ಎಲ್ಲಾರನ್ನೂ ಮನಿಗೆ ಕರಕೊಂಡು ಬಂದೆ. ಅಪ್ಪನ ಕತಿಯೊಳಗ ಸುಳ್ಳು ಹೆಂಗ ಬರೀಲಿ?"

ಅಂದು ಕರಕಲು ರೊಟ್ಟಿಯನ್ನು ನೋಡಿ ಯಾರೂ ನಗಲಿಲ್ಲ.

ಗಂಡನ ಕೆಲಸ ಮುಗಿದು ಅವರೆಲ್ಲ ಹುಬ್ಬಳ್ಳಿಗೆ ಹೋದರು. ಏರ್‌ಪೋರ್ಟಿನಲ್ಲೂ ನನ್ನ ಚಪಲ ಬಿಡಲಿಲ್ಲ: "ಕಾದಂಬರಿಯಲ್ಲಿ ಆ ಡ್ರೈವರ್ ಬರ್ತಾನಾ?" ಸುನಂದಕ್ಕ ನಕ್ಕು, "ಓದು," ಎಂದರು.

ಈ ವರ್ಷ ಪುಸ್ತಕ ಬಂತು. ಸಸ್ಪೆನ್ಸ್ ಓದುವವರು ಮಾಡಬಾರದ ಪಾಪ ಮಾಡಿದೆ, ಕೊನೆಯ ಪುಟವನ್ನೇ ಮೊದಲು ತೆರೆದೆ. ಡ್ರೈವರ್ ಬರುವುದಿಲ್ಲ. ತಾಯಿ ಒಲೆಯ ಉರಿ ಹಿಂದಕ್ಕೆಳೆದು ಆ ನೀರನ್ನು ಮಗಳ ತಲೆಗೆ ಎರೆಯುತ್ತಾಳೆ.

ತಡೆಯಲಾಗದೆ ಹುಬ್ಬಳ್ಳಿಗೆ ಫೋನ್ ಮಾಡಿದೆ. "ಅಮ್ಮನಿಗೆ ಹೇಳಿದ್ರಾ?"

"ಹೇಳಿದೆ. ಕೇಳಿ, 'ನೀರು ಭಾಳ ಸುಡತಿದ್ದುವು, ಅತ್ತಿದ್ದಿ ನೀನು' ಅಂದಳು."