ದೇವರಿಗೊಂದು ಕೊಡ, ಹೊಂಗೆಗೊಂದು ಕೊಡ

ಮೇಂಬರಮ್ಮನ ಸೀರೆಯ ಎಡಸೊಂಟದ ಮೇಲೆ ಅಂಗೈ ಅಗಲದ ಒಂದು ಕೆಂಪು ಕಲೆ ಯಾವಾಗಲೂ ಇರುತ್ತಿತ್ತು. ಕೊಡ ಹೊತ್ತಲ್ಲಿ ಸೀರೆ ಒದ್ದೆಯಾಗುತ್ತಿತ್ತು, ಒದ್ದೆಯಾದಲ್ಲಿ ಅದಿರಿನ ಧೂಳು ಬಂದು ಕೂರುತ್ತಿತ್ತು. ಎಷ್ಟು ಉಜ್ಜಿ ಒಗೆದರೂ ಹೋಗದು. ಮದುವೆ ಮುಂಜಿಗೆ ಉಡುವ ಇಳಕಲ್ ಸೀರೆಗೂ ಅದು ಅಂಟಿತ್ತು. "ಇದು ನನ್ನ ಮೇಂಬರ್ ಬಿಲ್ಲೆ," ಎಂದು ನಗುತ್ತಿದ್ದರು.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಅದಿರಿಗೆ ಚಿನ್ನದ ಬೆಲೆ ಬಂದ ವರ್ಷಗಳವು. ಲಾರಿಗಳು ಒಂದರ ಬಾಲ ಇನ್ನೊಂದು ಹಿಡಿದಂತೆ ಹೋಗುತ್ತಿದ್ದವು. ಕಂಪ್ಲಿಯ ಗದ್ದೆಗಳ ಹಸಿರು ನೋಡಿ ಬೆಳೆದು ಇಲ್ಲಿಗೆ ಸೊಸೆಯಾಗಿ ಬಂದವಳು ನಾನು. ಮುಚ್ಚಿಟ್ಟ ಹಾಲಿನ ಮೇಲೂ ಕೆಂಪು ಕೆನೆ ಕಂಡು ಒಂದು ದಿನ ಅಡುಗೆಮನೆಯಲ್ಲೇ ಅತ್ತುಬಿಟ್ಟೆ. ಪಕ್ಕದ ಮನೆಯಿಂದ ಮೇಂಬರಮ್ಮ ಬಂದು, "ತಟ್ಟಿ ಮುಚ್ಚಿದ್ರ ಸಾಲ್ದು ತಂಗಿ, ಮ್ಯಾಲೊಂದು ಒದ್ದಿ ಅರಿವಿ ಹಾಕು. ಅಳಕೋಂತ ಕುಂತ್ರ ಧೂಳು ನಿಂದ್ರತೈತೇನು?" ಎಂದು ತೋರಿಸಿಕೊಟ್ಟರು. ಆಮೇಲೆ ಹಾಲು ಬೆಳ್ಳಗೆ ಉಳಿಯಿತು. ಅಷ್ಟಾದರೂ ಉಳಿಯಿತಲ್ಲ ಎಂದು ಈಶ್ವರನಿಗೆ ಕೈ ಮುಗಿದೆ.

ಪಂಚಾಯಿತಿಯಲ್ಲಿ ನಮ್ಮ ಓಣಿಯ ಸೀಟು ಹೆಂಗಸರಿಗೆ ಬಂತೆಂದು ಅವರನ್ನು ನಿಲ್ಲಿಸಿದ್ದರು. ಗೆದ್ದ ಮೇಲೆ ಹಿಟ್ಟಿನ ಗಿರಣಿ ನಡೆಸುವ ಅವರ ಯಜಮಾನರೇ ಮೀಟಿಂಗಿಗೆ ಹೋಗುತ್ತಾರೆ ಎಂದು ಊರೆಲ್ಲ ತಿಳಿದಿತ್ತು. ಯಜಮಾನರೂ ಹಾಗೇ ತಿಳಿದು ಮೊದಲ ದಿನವೇ ಹೋಗಿ ಕುರ್ಚಿಯಲ್ಲಿ ಕೂತಿದ್ದರು. ಇವರು ತಲೆ ತುಂಬ ಸೆರಗು ಹೊದ್ದು ಒಳಗೆ ಹೋಗಿ, "ಏಳ್ರಿ, ಗಿರಣಿ ಮುಂದ ಜ್ವಾಳದ ಡಬ್ಬಿ ಇಟಗೊಂಡು ಮಂದಿ ಕಾಯಾಕ ಹತ್ಯಾರ," ಎಂದರಂತೆ. ಅವರು ಎದ್ದು ಹೋದರು.

ಒಮ್ಮೆ ಮೇಂಬರುಗಳನ್ನೆಲ್ಲ ತರಬೇತಿಗೆಂದು ಹೊಸಪೇಟೆಗೆ ಕರೆದಿದ್ದರು. ಮೇಂಬರಮ್ಮ ವಾಪಸ್ ಬಂದವರೇ ನಮ್ಮ ಕಟ್ಟೆಯ ಮೇಲೆ ಕೂತು ನೀರು ಕೇಳಿದರು.

"ಭೂಮಿ ಬಿಸಿ ಆಗಾಕ ಹತ್ತೈತಂತ ತಂಗಿ. ಮಳಿ ದಾರಿ ತಪ್ಪೈತಂತ. ಪಂಚಾಯ್ತಿಯವ್ರು ಮಂದೀನ ಕೂಡಿಸಿ ಗಿಡ ಹಚ್ಬೇಕಂತ, ನೀರು ಉಳಸ್ಬೇಕಂತ. ತಣ್ಣನ ಕೋಣ್ಯಾಗ ಕುಂದ್ರಿಸಿ ಹೇಳಿದ್ರು. ಆ ಸಾಹೇಬ್ರು ನಮ್ಮೂರಾಗ ಒಂದು ಮಧ್ಯಾಹ್ನ ನಿಂತಿದ್ರ ಅಷ್ಟು ಹೊತ್ತು ಹೇಳೋ ಕೆಲಸನ ಇರ್ತಿದ್ದಿಲ್ಲ."

ನಗುತ್ತಾ ಹೇಳಿದರೂ ಅದನ್ನು ಅಲ್ಲಿಗೇ ಬಿಡಲಿಲ್ಲ. ಈಶ್ವರನ ಗುಡಿಯ ಎದುರು, ಊರಿಗೂ ಲಾರಿ ರಸ್ತೆಗೂ ನಡುವೆ, ಪಂಚಾಯಿತಿಯ ಬಯಲಿತ್ತು. ಅಲ್ಲಿ ಸಾಲಾಗಿ ಹೊಂಗೆ ಹಚ್ಚಿದರೆ ಧೂಳನ್ನೂ ತಡೆಯುತ್ತದೆ, ಊರೂ ತಂಪಾಗುತ್ತದೆ ಎಂದು ಅಲೆದಾಡಿ ಸಸಿ ತಂದರು. ನೀರಿಗೇನು ಮಾಡುವುದು? ಸೋಮವಾರ ಬೆಳಿಗ್ಗೆ ಮನೆಗೊಬ್ಬ ಹೆಂಗಸು ಮಡಿಯಲ್ಲಿ ಗುಡಿಯ ಬಾವಿಯಿಂದ ಒಂದು ಕೊಡ ನೀರು ಸೇದಿ ಅಭಿಷೇಕಕ್ಕೆ ಕೊಡುವುದು ನಮ್ಮೂರ ಪದ್ಧತಿ. ಮೇಂಬರಮ್ಮ ಬಾವಿಕಟ್ಟೆಯ ಮೇಲೆ ನಿಂತರು.

"ಹೆಂಗೂ ಹಗ್ಗ ಹಿಡದೀರಿ. ದೇವರಿಗೊಂದು ಕೊಡ ಆತು, ಹೊಂಗಿಗೊಂದು ಕೊಡ ಹಾಕಿ ಹೋಗ್ರಿ."

"ಮಡೀಲೆ ಆ ಕಾಡುಗಿಡ ಮುಟ್ಟಾದೇನ್ರಿ ಅಕ್ಕಾರ?" ಎಂದು ಒಬ್ಬಳು ಮೂಗು ಮುರಿದಳು.

"ಬಿಲ್ವಪತ್ರಿ ಏನು ನಿಮ್ಮ ಅಡಿಗಿಮನ್ಯಾಗ ಬೆಳೀತೈತೇನ?"

ಬಾವಿಯ ಸುತ್ತ ನಗು ಎದ್ದಿತು. ಮೂಗು ಮುರಿದವಳೇ ಮೊದಲ ಕೊಡ ಹಾಕಿದಳು. ಸೋಮವಾರದ ಈ ರೂಢಿ ಗುರುವಾರಕ್ಕೂ ಬಂತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಿಡಗಳು ನಮ್ಮ ತಲೆಮಟ್ಟ ಬಂದವು. ಗಾಳಿ ಬೀಸಿದ ದಿನ ಎಲೆಗಳೆಲ್ಲ ಕೆಂಪಾಗುತ್ತಿದ್ದವು. "ನೋಡು, ನಮ್ಮ ಎದಿಗೆ ಹೋಗೋದು ಅದರ ಎಲಿಗೆ ಹತ್ತೈತಿ," ಎನ್ನುತ್ತಿದ್ದರು.

ಆಗ ಊರಿನ ದೊಡ್ಡ ಲಾರಿ ಕಂತ್ರಾಟುದಾರನಿಗೆ ಭಕ್ತಿ ಬಂತು. ಗುಡಿಗೆ ಬೋರು ಹಾಕಿಸಿದ, ಮೋಟಾರು ಕೂಡಿಸಿದ, ಗರ್ಭಗುಡಿಯ ಬಾಗಿಲಿಗೇ ನಳ ತಂದ. ನಮಗೆಲ್ಲ ಹಿಗ್ಗೇ ಹಿಗ್ಗು. ದೇವರ ನೀರು ದೇವರ ಹತ್ತಿರವೇ ಬಂತು ಎಂದುಕೊಂಡೆವು. ಮೇಂಬರಮ್ಮ ಮಾತ್ರ ಪ್ರಸಾದ ಕೈಯಲ್ಲಿ ಹಿಡಿದು ನಳವನ್ನೇ ನೋಡುತ್ತಾ, "ಇನ್ನ ಬಾವಿಗೆ ಯಾರ ಬರ್ತಾರ ತಂಗಿ?" ಎಂದರು.

ಯಾರೂ ಬರಲಿಲ್ಲ. ದೇವರ ಕೊಡ ನಿಂತಿತು, ಅದರ ಜೊತೆ ಹೊಂಗೆಯ ಕೊಡವೂ ನಿಂತಿತು. ಅವರು ಮನೆಮನೆಗೆ ಹೋಗಿ ಕರೆದರು. ದೇವರಿಗೆಂದು ಬರುತ್ತಿದ್ದವರು ಬರೀ ಗಿಡಕ್ಕೆಂದು ಬರಲಿಲ್ಲ. ಬಂದ ಒಬ್ಬಿಬ್ಬರಿಗೂ ಬೇಸಿಗೆಗೆ ನೀರು ಸಿಗದಾಯಿತು. ಪಕ್ಕದಲ್ಲೇ ಬೋರು ಎಳೆದು ಎಳೆದು ಬಾವಿಯ ತಳ ಕಂಡಿತ್ತು. ಮೋಟಾರಿನ ಕೀಲಿ ಕಂತ್ರಾಟುದಾರನ ಮನುಷ್ಯನ ಹತ್ತಿರವಿತ್ತು. ಪೂಜೆ ಮುಗಿಯಿತೆಂದರೆ ನಳವೂ ಬಂದ್.

ಉಳಿದದ್ದು ಪಂಚಾಯಿತಿಯ ಟ್ಯಾಂಕರು. ಗ್ರಾಮಸಭೆಯಲ್ಲಿ ಅವರು ಎದ್ದು ನಿಂತು ಕೇಳಿದ್ದು ಅದೊಂದನ್ನೇ. ನಾವು ಹೆಂಗಸರು ಹಿಂದೆ ಚಾಪೆಯ ಮೇಲೆ ಕೂತಿದ್ದೆವು.

"ವಾರಕ್ಕೊಂದು ಸಲ ಕಳಸ್ರಿ. ಮಳಿ ಬರೋತನಕ ಅಷ್ಟ. ಈ ಬ್ಯಾಸಗಿ ದಾಟಿದ್ರ ಆಮ್ಯಾಲೆ ಅವು ಯಾರನ್ನೂ ಕೇಳಾದಿಲ್ಲ."

"ಟ್ಯಾಂಕರ್ ಖಾಲಿ ಇಲ್ರಿ ಅಕ್ಕಾರ," ಎಂದರು ಅಧ್ಯಕ್ಷರು. ಅದು ದಿನವೂ ಲಾರಿ ತೂಕದ ಕಟ್ಟೆಯ ಮುಂದೆ ರಸ್ತೆಗೆ ನೀರು ಹೊಡೆಯುತ್ತಿತ್ತು. "ರಸ್ತೆ ಒದ್ದಿ ಆದ್ರ ಧೂಳು ಕುಂದ್ರತೈತಿ. ಅದೂ ಪರಿಸರನ ಅಲ್ಲೇನ್ರಿ?"

ಗಂಡಸರು ನಕ್ಕರು. ಅವರಲ್ಲಿ ಅರ್ಧ ಮಂದಿಗೆ ಲಾರಿ ಇತ್ತು, ಇನ್ನರ್ಧ ಮಂದಿಗೆ ಆ ಲಾರಿಯ ಮೇಲೆ ಕೆಲಸವಿತ್ತು.

"ರಸ್ತೆ ಚಿಗರತೈತೇನಪ್ಪಾ?" ಎಂದರು ಮೇಂಬರಮ್ಮ. ನಗು ನಿಂತಿತು. ಟ್ಯಾಂಕರು ಮಾತ್ರ ಬರಲಿಲ್ಲ.

ಆ ಬೇಸಿಗೆ ಅವರು ಒಬ್ಬರೇ ಹೊತ್ತರು. ಸ್ನಾನದ ನೀರು, ಅಕ್ಕಿ ತೊಳೆದ ನೀರು, ನಮ್ಮ ಮನೆಯಿಂದ ನಾನು ತೆಗೆದಿಟ್ಟ ಪಾತ್ರೆ ತೊಳೆದ ನೀರು. ಇಡೀ ಸಾಲಿಗೆ ಒಂದು ಸೊಂಟ ಎಲ್ಲಿ ಸಾಕು? ಗುಡಿಯ ಕಡೆಯ ಮೂರು ಗಿಡ ಉಳಿದವು. ಮಿಕ್ಕವೆಲ್ಲ ನಿಂತಲ್ಲೇ ಒಣಗಿದವು. ಮಳೆಗಾಲಕ್ಕೆ ಮೊದಲೇ ಪಂಚಾಯಿತಿ ಆ ಬಯಲನ್ನು ಪಾಳು ಜಾಗವೆಂದು ಹೇಳಿ ಲಾರಿ ನಿಲ್ಲಿಸಲು ಕೊಟ್ಟಿತು. ಬೇಡವೆಂದು ಕೈ ಎತ್ತಿದವರು ಅವರೊಬ್ಬರೇ. ಮೂರಾದರೂ ಉಳಿದವಲ್ಲ ಎಂದು ನಾನು ಸಮಾಧಾನ ಹೇಳಲು ಹೋದೆ. "ನಿಂಗ ಭಾಳ ಸಣ್ಣದ್ರಾಗ ತೃಪ್ತಿ ತಂಗಿ," ಎಂದರು. ನಗಲಿಲ್ಲ. ನನ್ನ ಮೇಲೆ ಅವರು ಬೇಸರಪಟ್ಟದ್ದು ಅದೊಂದೇ ಸಲ.

ಆಮೇಲೆ ಅವರಿಗೆ ಕೆಮ್ಮು ಹಿಡಿಯಿತು. ಮರುವರ್ಷದ ಬೇಸಿಗೆಯಲ್ಲಿ ಹೋದರು. ಕೊನೆಗೆ ಮಗ್ಗಲು ಬದಲಿಸಲೂ ಆಗದಾಗ, "ಗಿಡಕ್ಕ ಹಾಕಿದ್ಯಾ?" ಎಂದಷ್ಟೇ ಕೇಳುತ್ತಿದ್ದರು.

ಬಿದಿರು ಕಟ್ಟಿ ಹೂ ಸುತ್ತಿದ ವಿಮಾನದಲ್ಲಿ ಅವರನ್ನು ಕೂಡಿಸಿ, ವಿಭೂತಿ ಹಚ್ಚಿ, ಮಣ್ಣಿಗೆ ಒಯ್ಯಲು ಹೊರಗೆ ತಂದಾಗ ಬಾಗಿಲಲ್ಲಿ ಟ್ಯಾಂಕರು ನಿಂತಿತ್ತು. ಮೆರವಣಿಗೆಗೆ ಧೂಳು ಏಳಬಾರದೆಂದು ಅಧ್ಯಕ್ಷರೇ ಕಳಿಸಿದ್ದರಂತೆ. ಎಷ್ಟು ಮರ್ಯಾದೆ ಮಾಡಿದರು ನೋಡು ಎಂದು ಜನ ಮಾತಾಡಿಕೊಂಡರು. ಅವರು ಕೇಳಿ ಕೇಳಿ ಸೋತ ನೀರು ಅವರ ಮುಂದೆ ರಸ್ತೆಯುದ್ದಕ್ಕೂ ಸುರಿಯುತ್ತಾ ಹೋಯಿತು.

ಹೊತ್ತವರು ದಣಿದು ಗುಡಿಯ ಹತ್ತಿರ ಆ ಮೂರು ಹೊಂಗೆಯ ನೆರಳಲ್ಲಿ ವಿಮಾನ ಇಳಿಸಿದರು. ನಾನು ಟ್ಯಾಂಕರಿನ ಡ್ರೈವರನ ಹತ್ತಿರ ಹೋದೆ.

"ಉಳದ ನೀರು ಈ ಗಿಡದ ಬುಡಕ್ಕ ಬಿಡಪ್ಪಾ."

"ರಸ್ತೆಗೆ ಅಷ್ಟ ಅಂದಾರ್ರಿ ಅಮ್ಮಾರ," ಎಂದು ಅವನು ಗಾಡಿ ಮುಂದೆ ಬಿಟ್ಟ.

ಹಾಗೆ ಅಂದಿದ್ದ ಅಧ್ಯಕ್ಷರು ಅದೇ ನೆರಳಲ್ಲಿ ನಿಂತು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಈಗ ಸೋಮವಾರ ಗುಡಿಗೆ ಹೋಗುವಾಗ ಮನೆಯಿಂದಲೇ ಒಂದು ಕೊಡ ಒಯ್ಯುತ್ತೇನೆ. ದೇವರಿಗೆ ನಳವಿದೆ, ಆತನಿಗೆ ಬರೀ ಕೈ ಮುಗಿಯುತ್ತೇನೆ. ನನ್ನ ಸೀರೆಯ ಎಡಸೊಂಟಕ್ಕೂ ಕಲೆ ಬಂದಿದೆ. ಉಜ್ಜುವುದು ಬಿಟ್ಟಿದ್ದೇನೆ.