ಹಸಿರು ನೀರು ಚೆಲ್ಲಿಸಿದವಳು

ಬನಹಟ್ಟಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಗಳಿಂದ ಭೂಗೋಳ ಕಲಿಸುತ್ತಿದ್ದೇನೆ. ಸಮುದ್ರ ನೋಡಿಲ್ಲ. ನೋಡದಿದ್ದುದಕ್ಕೆ ಪಾಠವೇನೂ ನಿಂತಿಲ್ಲ ಬಿಡಿ. ಕಿಟಕಿಯಾಚೆ ಮಗ್ಗಗಳು ಖಟಪಟ ಎನ್ನುತ್ತಿದ್ದರೆ ಅದಕ್ಕಿಂತ ಜೋರು ದನಿಯಲ್ಲಿ ಸಾಗರ ಪ್ರವಾಹಗಳನ್ನು ಹೇಳಿಕೊಡುತ್ತೇನೆ: ತಿಳಿನೀಲಿ ಕಡಲು ನೋಡಲಷ್ಟೇ ಚೆಂದ, ಅದರಲ್ಲಿ ಮೀನಿಗೆ ಉಣ್ಣಲು ಹೆಚ್ಚೇನಿಲ್ಲ, ಪ್ರವಾಹಗಳು ಎಲ್ಲಿಂದಲೋ ಪ್ಲವಕ ತುಂಬಿದ ಹಸಿರು ನೀರನ್ನು ಹೊತ್ತು ತಂದಾಗ ಅಲ್ಲಿಗೆ ಜೀವ ಬರುತ್ತದೆ. ಪ್ಲವಕ ಎಂದರೆ ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಪರೀಕ್ಷೆಗೆ ಬರುವ ಪ್ರಶ್ನೆಯಾದ್ದರಿಂದ ಎರಡು ಸಲ ಬರೆಸುತ್ತೇನೆ.

ತಂಗಿಯನ್ನು ಕೊಟ್ಟದ್ದು ರನ್ನ ಬೆಳಗಲಿಗೆ. ಹೋದ ವರ್ಷ ಅವಳು ಮಾವನನ್ನು ಕಾಡಿ ಬೇಡಿ ಕಬ್ಬಿನ ಹೊಲದ ಮೂಲೆಯಲ್ಲೊಂದು ಹೊಂಡ ತೋಡಿಸಿ ಮೀನುಮರಿ ಬಿಟ್ಟಳು. ಮದುವೆಯಾದ ಮೇಲೆ ತನಗೆ ಅಂತ ಅವಳು ಕೇಳಿದ್ದು ಅದೊಂದೇ. ಯುಗಾದಿಯೊಳಗೆ ಮೀನು ಗೇಣುದ್ದ ಆಗದಿದ್ದರೆ ಹೊಂಡ ಮುಚ್ಚಿ ಕಬ್ಬು ಹಚ್ಚುತ್ತೇನೆ ಎಂದು ಮಾವ ಮೊದಲೇ ಹೇಳಿದ್ದರು.

ಸಂಕ್ರಾಂತಿಗೆ ಹೋದಾಗ ಆ ನೀರು ನೋಡಿ ನನಗೆ ಹೇಸಿಕೆಯಾಯಿತು. ಕೊತ್ತಂಬರಿ ಅರೆದು ಕಲಸಿದಂಥ ಹಸಿರು. ನಮ್ಮ ತವರಿನಲ್ಲಿ ಅಮಾವಾಸ್ಯೆಗೊಮ್ಮೆ ನೀರಿನ ಟಾಕಿ ಬರಿದು ಮಾಡಿ ತೆಂಗಿನ ನಾರಿನಿಂದ ತಿಕ್ಕುವ ರೂಢಿ. ಹೊಸ ನೀರು ತುಂಬಿದ ಮೇಲೆ ಅವ್ವ ಒಂದು ತಾಮ್ರದ ದುಡ್ಡು ಹಾಕುತ್ತಿದ್ದಳು. ತಳದಲ್ಲಿ ಅದು ಕಾಣದಿದ್ದರೆ ಮತ್ತೆ ತಿಕ್ಕಬೇಕು. ಆ ಅವ್ವನ ಮಕ್ಕಳು ನಾವು. ಮಾವನೂ, ಮರಿ ಕೊಟ್ಟವನೂ ನೀರು ಹಸಿರೇ ಇರಲಿ ಅಂದಿದ್ದಾರೆ ಎಂದು ತಂಗಿ ಗೊಣಗಿದಳು. ಕಲಿತವಳು ನಾನೋ ಅವರೋ ಎಂದು ಬಾಯಿ ಮುಚ್ಚಿಸಿದೆ. ಮಾವ ಆಗ ಸಾವಳಗಿಗೆ, ಮಗಳ ಮನೆಗೆ ಹೋಗಿದ್ದರು. ಮರಿಗಳನ್ನು ಸಿಮೆಂಟಿನ ತೊಟ್ಟಿಗೆ ಹಾಕಿ, ಹಸಿರು ನೀರನ್ನೆಲ್ಲ ಕಬ್ಬಿಗೆ ಹರಿಸಿ, ಬೋರಿನ ನೀರು ತುಂಬಿಸಿ, ಮರಿಗಳನ್ನು ಮತ್ತೆ ಬಿಟ್ಟೆವು. ತಳ ಕಾಣುವ ಹೊಂಡದ ಫೋಟೊ ಹೊಡೆದುಕೊಂಡು ಖುಷಿಯಿಂದ ಬನಹಟ್ಟಿಗೆ ಬಂದೆ.

ಶಿವರಾತ್ರಿ ಮುಗಿದ ವಾರ ತಂಗಿಯ ಫೋನ್ ಬಂತು. ಮೀನಿಗೆ ತಲೆಯಷ್ಟೇ ದೊಡ್ಡದಾಗಿದೆ, ಮೈ ಬೆರಳಿನಷ್ಟೇ ಇದೆ. ಹೊಂಡ ಮುಚ್ಚಲು ಮಾವ ಜೆಸಿಬಿಯವನಿಗೆ ಹೇಳಿಯಾಗಿದೆ. ತಂಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮರುದಿನ ಒಂಬತ್ತನೆಯ ವರ್ಗಕ್ಕೆ ಅದೇ ಪಾಠದ ಪುನರಾವರ್ತನೆ ಇತ್ತು. ತಿಳಿನೀಲಿ ನೀರಿನಲ್ಲಿ ಮೀನಿಗೆ ಆಹಾರ ಕಡಿಮೆ ಎಂದು ಬೋರ್ಡಿನ ಮೇಲೆ ಬರೆದೆ. ಬರೆದದ್ದನ್ನು ತಿರುಗಿ ಓದಿದೆ. ಇಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ ಓದುತ್ತಿದ್ದೇನೆ ಅನ್ನಿಸಿತು.

ರವಿವಾರ ಮೊದಲ ಬಸ್ಸಿಗೆ ಹೋದೆ. ಮಾವ ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

“ನಿಮ್ಮ ತಂಗಿಗೆ ನೀವರ ಬುದ್ಧಿ ಹೇಳ್ರೀ ಅಕ್ಕಾರ. ಹಸರ ನೀರ ಚೆಲ್ಲಬ್ಯಾಡ ಅಂದಿದ್ನಿ. ಕೇಳಲಿಲ್ಲ.”

ತಂಗಿಯ ಕಡೆ ನೋಡಿದೆ. ಅವಳು ನನ್ನ ಹೆಸರೇ ಎತ್ತಿರಲಿಲ್ಲ. ಇಷ್ಟು ದಿನವೂ ಸುಮ್ಮನೆ ಬೈಸಿಕೊಂಡಿದ್ದಳು.

“ಚೆಲ್ಲಿಸಿದಾಕಿ ನಾನರೀ,” ಅಂದೆ. “ಆಕಿ ಬ್ಯಾಡಂತನ ಅಂದಿದ್ಲು.”

ಪಕ್ಕದ ಹೊಲದ ಹಳೆಯ ಹೊಂಡದಿಂದ ಹಸಿರು ನೀರು ತಂದು ಸುರಿದು, ಒಂದಿಷ್ಟು ಸಗಣಿ ಹಾಕಿದರೆ, ಅದರೊಳಗಿನ ಸಣ್ಣ ಜೀವಿಗಳು ಇಲ್ಲಿಯೂ ಬೆಳೆಯುತ್ತವೆ ಎಂದು ತಡವರಿಸುತ್ತ ಹೇಳಿದೆ. ಮಾವ ಎದ್ದು ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿಸಿದರು. ಜೆಸಿಬಿಯವನಿಗೆ ಫೋನ್ ಮಾಡಿ, ಮಳೆಗಾಲದವರೆಗೆ ಬರಬೇಡ ಅಂದರು.

ನಾಲ್ಕನೆಯ ಟ್ಯಾಂಕರ್ ಖಾಲಿಯಾಗುತ್ತಿತ್ತು. ತಿಳಿನೀರಿನೊಳಗೆ ಹಸಿರು ನಿಧಾನವಾಗಿ ಹರಡುತ್ತಿತ್ತು. ದಂಡೆಯ ಮೇಲೆ ತಂಗಿಯ ಪಕ್ಕ ನಿಂತು, ತಪ್ಪಾಯಿತು ಅಂದೆ. ಅವಳು ನೀರಿನಿಂದ ಕಣ್ಣು ತೆಗೆಯಲಿಲ್ಲ.

“ಮಾವಾರ ಮುಂದ ಹೇಳಬಾರದಿತ್ತಕ್ಕಾ. ನಮ್ಮ ತವರಮನ್ಯಾಗ ಒಬ್ಬಾಕಿಯರ ಶಾಣ್ಯಾಕಿ ಅದಾಳಂತ ತಿಳಕೊಂಡಿದ್ರು ಅವ್ರು.”