ಬಿಜೂರಿನ ಪಾದೆಯಲ್ಲಿ ಹುಲ್ಲು ಎಣಿಸಿದ್ದು

ಹಸಿರಾಗಿದ್ದ ನೆಲ ಬರಡಾಗುವುದು ಹೇಗೆ ಎಂಬುದು ನನ್ನ ಸಂಶೋಧನೆಯ ವಿಷಯ. ಕೊಪ್ಪಳ, ರಾಯಚೂರಿನ ಒಣಭೂಮಿಯಲ್ಲೇ ಕೆಲಸವೆಲ್ಲ. ತಲ್ಲೂರಿನ ನನ್ನ ದೊಡ್ಡಮ್ಮನಿಗೆ ಇದು ಒಗಟು. "ಇಷ್ಟ್ ಮಳಿ ಬಪ್ಪ ಊರಲ್ ಹುಟ್ಟಿ, ಮಳಿ ಇಲ್ದಿದ್ ಜಾಗದ್ ಬಗ್ಗೆ ಓದುದ್ ಎಂತಕ್ಕೆ?" ಎನ್ನುತ್ತಿದ್ದಳು.

ಒಂದು ಮೇ ತಿಂಗಳು, ಕೊಪ್ಪಳದ ಸಹೋದ್ಯೋಗಿ ಗೆಳತಿಯನ್ನು ಸಮುದ್ರ ತೋರಿಸಲೆಂದು ಊರಿಗೆ ಕರೆತಂದೆ. ಬೈಂದೂರಿನ ದಾರಿಯಲ್ಲಿ, ಬಿಜೂರಿನ ಹತ್ತಿರ ಅವಳು ಕಾರು ನಿಲ್ಲಿಸಲು ಹೇಳಿದಳು. ಎದುರಿಗೆ ಮುರಕಲ್ಲಿನ ಪಾದೆ. ಕಾದ ಕೆಂಪುಕಲ್ಲಿನ ಬಯಲು, ಬಿರುಕುಗಳಲ್ಲಿ ಒಣಗಿ ಮುರುಟಿದ ಹುಲ್ಲು.

"ಇದು ನಮ್ಮ ಕಡೀ ನೆಲ ಇದ್ದಂಗ ಐತಲ್ಲ?" ಎಂದಳು.

ಚಿಕ್ಕಂದಿನಿಂದ ಬಸ್ಸಿನಲ್ಲಿ ದಾಟಿಹೋದ ಆ ಬಯಲಿಗೆ ನಾನು ಒಮ್ಮೆಯೂ ಇಳಿದಿರಲಿಲ್ಲ. ಅಂದು ಇಳಿದೆವು; ಸಮುದ್ರ ನೋಡುವುದು ಸಂಜೆಗೆ ಸರಿಯಿತು.

ಮರುದಿನ ಅಳತೆಯ ಟೇಪು ಹಿಡಿದು ಹೊರಟೆವು. ಹೆಣ್ಣುಮಕ್ಕಳಿಬ್ಬರೇ ಬಿಸಿಲಲ್ಲಿ ಹೋಗುವುದು ಬೇಡವೆಂದು ದೊಡ್ಡಮ್ಮ ಕೊಡೆ ಹಿಡಿದು ಜೊತೆಗೆ ಬಂದಳು. ನಾವು ಟೇಪು ಎಳೆದದ್ದೇ ತಡ, ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬರು ನಿಂತರು.

"ಹ್ವಾಯ್, ಎಂತ ಅಳೆಯೂದ್? ಇಲ್ಲಿ ರೋಡ್ ಬತ್ತಾ?"

"ರೋಡಲ್ಲ ಮಾರಾಯ್ರೆ, ಹುಲ್ಲ್ ಎಣ್ಸುಕೆ ಬಂದದ್ದ್," ಎಂದಳು ದೊಡ್ಡಮ್ಮ.

"ಅದಕ್ಕೂ ಸಂಬ್ಳ ಕೊಡ್ತ್ರಾ?"

"ಕೊಡ್ತ್ರ್. ಪಿಂಚಣಿಯೂ ಇತ್ತಂಬ್ರ್."

ಅವರು ನಂಬಲಿಲ್ಲ, ಆದರೆ ಹೋಗಲೂ ಇಲ್ಲ. ಗಾಳಿಗೆ ಹಾರುತ್ತಿದ್ದ ಟೇಪಿನ ತುದಿಯನ್ನು ಮೆಟ್ಟಿ ನಿಂತರು. ಈ ಹುಲ್ಲು ಸತ್ತಿಲ್ಲ, ನೀರು ಬಿದ್ದರೆ ಮತ್ತೆ ಹಸಿರಾಗುವ ಜಾತಿಯಿರಬಹುದು ಎಂದು ಗೆಳತಿ ವಿವರಿಸಿದಾಗ, "ಕಾಂಬ, ಕಾಂಬ" ಎಂದು, ನೋಡಿಯೇ ಬಿಡೋಣ ಎಂಬಂತೆ ನಕ್ಕರು.

ಮಧ್ಯಾಹ್ನ ಗುಡುಗಿತು. ನಾವೆಲ್ಲ ಕಾರಿಗೆ ಓಡಿದರೆ ಗೆಳತಿ ಮಾತ್ರ ಪಾದೆಯ ನಡುವೆ ಮುಖವೆತ್ತಿ ನೆನೆಯುತ್ತ ನಿಂತಳು. ದೊಡ್ಡಮ್ಮ ಬೈಯುತ್ತಲೇ ಹೋಗಿ ಅವಳ ತಲೆಯ ಮೇಲೆ ಕೊಡೆ ಹಿಡಿದಳು. ಗಾಳಿಗೆ ಅದು ಮಗುಚಿ, ಇಬ್ಬರೂ ತೊಯ್ದರು.

ಮರುದಿನ ಬೆಳಿಗ್ಗೆ ಬಿರುಕುಗಳಲ್ಲಿ ಹಸಿರು ಕಾಣಿಸಿತ್ತು. ಸ್ಕೂಟರಿನವರು ನಮಗಿಂತ ಮೊದಲೇ ಬಂದು, ಕುಕ್ಕರಗಾಲಲ್ಲಿ ಕೂತು ಹುಲ್ಲನ್ನು ಮುಟ್ಟಿ ನೋಡುತ್ತಿದ್ದರು. "ನಿಮ್ಮ್ ಹುಲ್ಲ್ ಎದ್ದಿತ್ ಕಾಣಿ," ಎಂದರು. ಎಷ್ಟೋ ವರ್ಷಗಳಿಂದ ಒಣಭೂಮಿಯಲ್ಲಿ ಅಲೆದ ನನಗೆ ಅಂದು ಬೆಳಿಗ್ಗೆ ಆದಷ್ಟು ಖುಷಿ ಎಂದೂ ಆಗಿರಲಿಲ್ಲ.

ಈಗ ಬೇಸಿಗೆಯ ಕೆಲಸ ಬಿಜೂರಿನಲ್ಲೇ. ಗೆಳತಿಯೂ ಬರುತ್ತಾಳೆ, ಜೋಳದ ಹಿಟ್ಟು ತರುತ್ತಾಳೆ. ಅಡುಗೆಮನೆಯಲ್ಲಿ ದೊಡ್ಡಮ್ಮ ಅವಳಿಂದ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಾಳೆ. ಇನ್ನೂ ದುಂಡಗಾಗಿಲ್ಲ.